ಸಿದ್ರಾಯನ ‘ಹೂಂ’

ಸಿದ್ರಾಯ ಹೇಡಿ. ಒಳ್ಳೆಯ ಕೈಯುಳ್ಳ ಹೇಡಿ. ಗೋಕಾಕದಲ್ಲಿ ಅವನನ್ನು ಬಲ್ಲವರು ಇದನ್ನು ಒಪ್ಪುವುದಿಲ್ಲ. ‘ಭಾಳ ಸಾದಾ ಮನಶ್ಯಾರಿ, ಯಾರಿಗೂ ಇಲ್ಲ ಅನ್ನೂದಿಲ್ಲ’ ಎನ್ನುತ್ತಾರೆ. ಯಾರಿಗೂ ಇಲ್ಲ ಎನ್ನದಿರುವುದು ದೊಡ್ಡ ಗುಣವೆಂದು ನಮ್ಮ ಜನ ಯಾವಾಗ ತೀರ್ಮಾನಿಸಿದರೋ ತಿಳಿಯದು. ಇಬ್ಬರು ಬಂದು ಒಂದಕ್ಕೊಂದು ವಿರುದ್ಧವಾದ ಎರಡು ಮಾತು ಹೇಳಿದಾಗ ಇಬ್ಬರಿಗೂ ‘ಹೂಂ ರಿ’ ಎನ್ನುವವನು ಅವರಲ್ಲಿ ಒಬ್ಬರಿಗೆ ಮೋಸ ಮಾಡುತ್ತಾನೆ. ಯಾರಿಗೆ ಎಂಬುದನ್ನು ಅವನು ಕಾಲಕ್ಕೆ ಬಿಟ್ಟಿರುತ್ತಾನೆ, ಅಷ್ಟೆ.

ಬಸ್ ನಿಲ್ದಾಣದ ಹಿಂದಿನ ಬೀದಿಯ ಖಾಸಗಿ ಲ್ಯಾಬಿನಲ್ಲಿ ಅವನು ಟೆಕ್ನಿಷಿಯನ್. ನಾನು, ಅವರೆಲ್ಲರ ಡಾಕ್ಟರ್ ಬಾಯಾರು, ಅಲ್ಲಿಗೆ ಮಂಗಳವಾರಕ್ಕೊಮ್ಮೆ ಹೋಗುತ್ತೇನೆ. ಆಪರೇಷನ್ ಮಾಡಿ ತೆಗೆದ ಅಂಗಗಳನ್ನು ಕೊಯ್ದು, ಸೂಕ್ಷ್ಮದರ್ಶಕದಲ್ಲಿ ನೋಡಿ, ಇದು ಯಾವ ರೋಗ, ಎಷ್ಟು ದೂರ ಹೋಗಿದೆ ಎಂದು ಬರೆದುಕೊಡುವುದು ನನ್ನ ಕೆಲಸ. ಮೂವತ್ತೊಂದು ವರ್ಷ ಇದನ್ನೇ ಮೆಡಿಕಲ್ ಕಾಲೇಜಿನಲ್ಲಿ ಕಲಿಸಿದ್ದೇನೆ. ಕಲಿತವರು ಎಲ್ಲಿ ಹೋದರೋ ಗೊತ್ತಿಲ್ಲ. ಹುಕ್ಕೇರಿಯಿಂದ ಒಮ್ಮೆ ಪಿತ್ತಕೋಶ ಉಪ್ಪಿನಕಾಯಿ ಬಾಟಲಿಯಲ್ಲಿ ಬಂದಿತ್ತು, ಉಪ್ಪುನೀರಿನ ಸಮೇತ. ಮೂಡಲಗಿಯಿಂದ ಒಂದು ಗಡ್ಡೆ ಬರೇ ನಲ್ಲಿಯ ನೀರಿನಲ್ಲಿ, ಬಸ್ ಕಂಡಕ್ಟರನ ಕೈಯಲ್ಲಿ ಬಂದಿತ್ತು. ಕೊಳೆತದ್ದನ್ನು ಯಾವ ಸೂಕ್ಷ್ಮದರ್ಶಕವೂ ಓದಲಾರದು. ‘ಇಂಥದ್ದನ್ನ ಯಾಕ ತಗೊಂಡಿ?’ ಎಂದು ಸಿದ್ರಾಯನನ್ನು ಕೇಳಿದರೆ, ‘ಅಷ್ಟು ದೂರದಿಂದ ಬಂದಿದ್ರಿ’ ಎನ್ನುತ್ತಾನೆ.

ಅವನು ಹುಟ್ಟಿದ್ದು ಹಿಡಕಲ್‌ನಲ್ಲಿ. ಅಪ್ಪ ಅಣೆಕಟ್ಟಿನ ಮೇಲೆ ಗೇಟು ಏರಿಸಿ ಇಳಿಸುವ ಕೆಲಸದಲ್ಲಿದ್ದ. ‘ನಮ್ಮಪ್ಪ ಮೂವತ್ತು ವರ್ಷ ಫೋನಿನ್ಯಾಗ ಒಂದ ಮಾತು ಆಡಿದಾರಿ. ಹೂಂ ಸಾಹೇಬ್ರ, ಅಷ್ಟ’ ಎಂದು ಸಿದ್ರಾಯನೇ ಒಮ್ಮೆ ಹೇಳಿದ್ದ, ಅಭಿಮಾನದಿಂದ. ಅಪ್ಪ ಏರಿಸುತ್ತಿದ್ದದ್ದು ಗೇಟನ್ನು. ಗೇಟಿಗೆ ಒಬ್ಬನೇ ಸಾಹೇಬ. ಲ್ಯಾಬಿನಲ್ಲಿ ಹಾಗಲ್ಲ ಎಂಬುದು ಈ ಕೆಲಸದಲ್ಲಿ ಇಪ್ಪತ್ತೆರಡು ವರ್ಷ ಕಳೆದರೂ ಮಗನಿಗೆ ತಿಳಿದಂತಿರಲಿಲ್ಲ.

ಕೈಯ ಬಗ್ಗೆ ಮಾತ್ರ ನಾನು ಸುಳ್ಳು ಹೇಳಲಾರೆ. ಅಂಗದ ತುಣುಕನ್ನು ಮೇಣದಲ್ಲಿ ಕೂರಿಸಿ, ಒಂದು ಮಿಲಿಮೀಟರನ್ನು ಇನ್ನೂರೈವತ್ತು ಪಾಲು ಮಾಡಿದರೆ ಒಂದು ಪಾಲು ಎಷ್ಟೋ ಅಷ್ಟು ತೆಳ್ಳಗೆ ಹೆರೆದು, ಬಿಸಿನೀರಿನ ಮೇಲೆ ತೇಲಿಸಿ, ಒಂದು ಸುಕ್ಕಿಲ್ಲದೆ ಗಾಜಿನ ಮೇಲೆ ಎತ್ತಬೇಕು. ಬೇಸಗೆಯಲ್ಲಿ ಮೇಣ ಮೆತ್ತಗಾಗುತ್ತದೆ. ಆಗ ಅವನು ಐಸ್‌ಕ್ಯಾಂಡಿ ಮಾರುವವನಿಂದ ಬರ್ಫ ತಂದು ಅದರ ಮೇಲೆ ಮೇಣದ ಬಿಲ್ಲೆಗಳನ್ನಿಟ್ಟು ಕೊಯ್ಯುತ್ತಾನೆ. ದೊಡ್ಡ ದೊಡ್ಡ ಆಸ್ಪತ್ರೆಗಳ ಸ್ಲೈಡುಗಳನ್ನು ನೋಡಿದ್ದೇನೆ. ಸಿದ್ರಾಯನಷ್ಟು ಶುದ್ಧವಾಗಿ ಕೊಯ್ದವು ಕಡಿಮೆ.

ಹೋದ ವರ್ಷ ಆಗಸ್ಟಿನಲ್ಲಿ ದಾಕ್ಷಾಯಿಣಿಯ ಕರುಳು ಬಂತು.

ದಾಕ್ಷಾಯಿಣಿ ನಾಗನೂರಿನ ಅಂಗನವಾಡಿ ಟೀಚರ್, ನಲವತ್ನಾಲ್ಕು ವರ್ಷ. ಎರಡು ವರ್ಷದಿಂದ ಮೈಯಲ್ಲಿ ರಕ್ತ ಕಡಿಮೆಯಾಗುತ್ತಿತ್ತು. ಊರಿನ ಬಸುರಿಯರಿಗೆ ಹಂಚುವ ಕಬ್ಬಿಣದ ಗುಳಿಗೆಯನ್ನೇ ತಾನೂ ನುಂಗುತ್ತಿದ್ದಳು. ಮೂವರು ವೈದ್ಯರು ನೋಡಿದರು, ಮೂವರೂ ಗುಳಿಗೆಯ ಹೆಸರು ಬದಲಿಸಿದರು. ಇಷ್ಟು ರಕ್ತ ಎಲ್ಲಿ ಹೋಗುತ್ತಿದೆ ಎಂದು ಒಬ್ಬನೂ ಕೇಳಲಿಲ್ಲ. ಕೇಳಿದ್ದರೆ ದೊಡ್ಡ ಕರುಳಿನ ಬಲಭಾಗದಲ್ಲಿ ನಿಂಬೆಹಣ್ಣಿನಷ್ಟು ಗಡ್ಡೆ ಆಗುವವರೆಗೆ ಕಾಯಬೇಕಿರಲಿಲ್ಲ. ಕೊನೆಗೆ ಹೊಟ್ಟೆನೋವು ತಡೆಯಲಾರದೆ ಗೋಕಾಕದ ಒಂದು ನರ್ಸಿಂಗ್ ಹೋಮಿಗೆ ಬಂದಳು. ಅಲ್ಲಿಯ ಸರ್ಜನ್ ಶನಿವಾರ ಒಂದು ಗೇಣು ಕರುಳನ್ನು ಕೊಬ್ಬಿನ ಸಮೇತ ತೆಗೆದರು.

ಮಂಗಳವಾರ ನಾನು ಅದನ್ನು ಕೊಯ್ದು ನೋಡಿದೆ. ಕರುಳಿಗೆ ಅಂಟಿಕೊಂಡ ಕೊಬ್ಬಿನಲ್ಲಿ ಸಾಸಿವೆ ಕಾಳಿನಿಂದ ಜೋಳದ ಕಾಳಿನವರೆಗಿನ ದುಗ್ಧರಸ ಗ್ರಂಥಿಗಳು ಅಡಗಿರುತ್ತವೆ. ರೋಗ ಕರುಳು ಬಿಟ್ಟು ಹೊರಟರೆ ಸಾಮಾನ್ಯವಾಗಿ ಮೊದಲು ಇಳಿಯುವ ಛತ್ರ ಅವೇ. ಕನಿಷ್ಠ ಹನ್ನೆರಡನ್ನಾದರೂ ಹುಡುಕಿ ನೋಡದೆ ರೋಗ ಹರಡಿಲ್ಲ ಎಂದು ಬರೆಯುವುದು ಬೇಜವಾಬ್ದಾರಿ. ನನಗೆ ಐದು ಸಿಕ್ಕವು. ಅಷ್ಟರಲ್ಲಿ ಕರೆಂಟ್ ಹೋಯಿತು. ಅಂಗ ಕೊಳೆಯದಂತೆ ಕಾಯುವ ಫಾರ್ಮಲಿನ್ ದ್ರವದಲ್ಲಿ ಕೊಬ್ಬು ಒಂದು ವಾರ ನೆನೆದರೆ ಗ್ರಂಥಿಗಳು ಗಟ್ಟಿಯಾಗಿ ಕೈಗೆ ಹತ್ತುತ್ತವೆ. ಆದ್ದರಿಂದ ಸಿದ್ರಾಯನಿಗೆ ಹೇಳಿದೆ: ‘ಉಳಿದದ್ದನ್ನ ಬರೂ ಮಂಗಳವಾರ ಹುಡುಕತೇನಿ. ಈ ಬಕೀಟು ಯಾರೂ ಮುಟ್ಟಬಾರದು.’

‘ಹೂಂ ರಿ ಬಾಯಾರ.’

ಮುಂದಿನ ಮಂಗಳವಾರ ಸ್ಲೈಡುಗಳು ಸಿದ್ಧವಾಗಿದ್ದವು. ಐದು ಗ್ರಂಥಿಗಳೂ ಶುದ್ಧ. ಆದರೆ ಗಡ್ಡೆಯ ಅಂಚು ನೋಡಿ ನಾನು ಕುರ್ಚಿ ಮುಂದಕ್ಕೆ ಎಳೆದುಕೊಂಡೆ. ಗಡ್ಡೆ ಎಷ್ಟು ದೊಡ್ಡದು ಎಂದು ಎಲ್ಲರೂ ಕೇಳುತ್ತಾರೆ. ಅದರ ಅಂಚು ಹೇಗಿದೆ ಎಂದು ಯಾರೂ ಕೇಳುವುದಿಲ್ಲ. ಕೆಲವು ಗಡ್ಡೆಗಳು ದನದ ಹಿಂಡಿನಂತೆ ಒಟ್ಟಾಗಿ ಮುಂದೆ ಸರಿಯುತ್ತವೆ. ಕೆಲವು ಕರಕಿ ಹುಲ್ಲಿನಂತೆ. ಹೊಲದ ಬದುವಿನ ಈಚೆ ಕಾಣುವ ಹುಲ್ಲು ಸ್ವಲ್ಪವೇ ಇರುತ್ತದೆ, ಬದು ದಾಟಿ ಒಂದು ಎಳೆ, ಎರಡು ಎಳೆ ಆಚೆ ಹೊಲದಲ್ಲಿ ಆಗಲೇ ತಲೆ ಎತ್ತಿರುತ್ತದೆ. ಇಲ್ಲಿಯೂ ಅಂಚಿನಿಂದ ಕಳಚಿಕೊಂಡ ಜೀವಕಣಗಳು ಒಂಟಿಯಾಗಿ, ಜೋಡಿಯಾಗಿ, ಮೂರು ನಾಲ್ಕರ ಗುಂಪಾಗಿ ಕೊಬ್ಬಿನೊಳಗೆ ಇಳಿದಿದ್ದವು. ಇವುಗಳನ್ನು ಗಡ್ಡೆಯ ಮೊಗ್ಗು ಎನ್ನುತ್ತೇವೆ. ಲೆಕ್ಕ ಹಾಕುವ ಕ್ರಮವೊಂದಿದೆ. ಆ ಕ್ರಮದಂತೆ ಹತ್ತು ಇದ್ದರೇ ಹೆಚ್ಚು. ನಾನು ಹದಿನೆಂಟು ಎಣಿಸಿದೆ. ಇಂಥ ಅಂಚಿರುವ ಗಡ್ಡೆ ಬರೇ ಐದು ಗ್ರಂಥಿ ತೋರಿಸಿ ‘ನಾನು ಎಲ್ಲಿಗೂ ಹೋಗಿಲ್ಲ’ ಎಂದರೆ ಅದನ್ನು ನಂಬಬಾರದು.

ಗ್ರಂಥಿಗಳ ಸುದ್ದಿಯನ್ನು ಲ್ಯಾಬಿನ ಮಾಲೀಕ ಸ್ವಪ್ನಿಲ್ ಆಗಲೇ ಮುಟ್ಟಿಸಿದ್ದ. ಸರ್ಜನ್ ಫೋನ್ ಮಾಡಿದರು.

‘ಮೇಡಮ್, ದಾಕ್ಷಾಯಿಣಿದು ಏನಾತು? ಐದೂ ಕ್ಲೀನ್ ಅಂತ ಸ್ವಪ್ನಿಲ್ ಹೇಳಿದ. ಮತ್ತ ಏನೈತಿ, ಬರದು ಕಳಸ್ರಿ. ಡಿಸ್ಚಾರ್ಜ್ ಮಾಡೇನಿ, ಎಲ್ಲಾ ತಗದೇನಿ, ಆರಾಮಾತು ಅಂತ ಅವರಿಗೆ ಹೇಳೂ ಬಿಟ್ಟೇನಿ.’

‘ಅಂಚಿನ್ಯಾಗ ಮೊಗ್ಗು ಭಾಳ ಅದಾವ. ಇನ್ನೂ ಗ್ರಂಥಿ ಹುಡುಕಬೇಕು.’

‘ಮೊಗ್ಗು, ಹೂವು ಎಲ್ಲಾ ನಿಮ್ಮ ಕಾಲೇಜಿನ ತೋಟದಾಗ ಮೇಡಮ್. ಇಲ್ಲಿ ಜನರಿಗೆ ಹೌದು ಇಲ್ಲ ಅಷ್ಟ ಬೇಕು.’

ಸ್ವಪ್ನಿಲ್ ಬಾಗಿಲಲ್ಲೇ ನಿಂತಿದ್ದ. ಅಪ್ಪನ ಔಷಧಿ ಅಂಗಡಿಯನ್ನು ಲ್ಯಾಬಿನವರೆಗೆ ಬೆಳೆಸಿದ ಹುಡುಗ, ಮೈಕ್ರೋಸ್ಕೋಪಿನಲ್ಲಿ ಕಣ್ಣಿಟ್ಟವನಲ್ಲ. ‘ಫಾರ್ಮ್ಯಾಟ್ ಐತೆಲ್ರಿ ಮೇಡಮ್ಮಾರ’ ಎಂದ. ‘ಅದರಾಗ ಹನ್ನೊಂದು ಖಾನೆ ಅದಾವ. ಈ ಮೊಗ್ಗಿಂದು ಖಾನೆನ ಇಲ್ಲ.’

ಖಾನೆ ಇಲ್ಲದ್ದರಿಂದ ರೋಗವೂ ಇಲ್ಲ. ಈ ತರ್ಕಕ್ಕೆ ಒಬ್ಬ ಹೆಂಗಸು ಬಲಿಯಾಗಬೇಕಿತ್ತು. ಗ್ರಂಥಿಯಲ್ಲಿ ರೋಗ ಸಿಕ್ಕರೆ ಅವಳಿಗೆ ಕಿಮೋ ಬೇಕೇ ಬೇಕು, ಅದೂ ಆಪರೇಷನ್ ಆದ ಕೆಲವೇ ವಾರಗಳೊಳಗೆ. ಸಿಗದಿದ್ದರೆ, ಅಥವಾ ಹುಡುಕದಿದ್ದರೆ, ಆರಾಮಾಯಿತೆಂದು ಮನೆಯಲ್ಲಿ ಕೂರುತ್ತಾಳೆ. ಒಂದೂವರೆ ವರ್ಷಕ್ಕೆ ಯಕೃತ್ತಿನಲ್ಲಿ ಗಡ್ಡೆ ಹೊತ್ತು ಬರುತ್ತಾಳೆ. ಆಗ ಎಲ್ಲರೂ ಹಣೆಬರಹ ಎನ್ನುತ್ತಾರೆ. ಇಂಥ ಹಣೆಬರಹಗಳನ್ನು ನಾನು ಎಷ್ಟೋ ಸ್ಲೈಡುಗಳಲ್ಲಿ ಮೊದಲೇ ಓದಿದ್ದೇನೆ.

‘ಸಿದ್ರಾಯ, ಬಕೀಟು ತಾ.’

ಅವನು ಕದಲಲಿಲ್ಲ. ಕೈಯೊರೆಸುವ ಬಟ್ಟೆಯನ್ನು ನಾಲ್ಕು ಮಡಿಕೆ ಮಾಡಿದ, ಬಿಚ್ಚಿದ, ಮತ್ತೆ ಮಡಿಸಿದ.

‘ಬಕೀಟು ಐತ್ರಿ. ಒಳಗಿಂದು ಇಲ್ರಿ.’

‘ಎಲ್ಲೈತಿ?’

‘ನಾಗನೂರಾಗ್ರಿ. ಹುಗದಾರ್ರಿ.’

ನಾನು ಕನ್ನಡಕ ತೆಗೆದಿಟ್ಟೆ. ಅವನು ನೆಲ ನೋಡುತ್ತ ಹೇಳಿದ. ಹಿಂದಿನ ವಾರ ನಾನು ಹೋದ ಮರುದಿನ, ಬುಧವಾರ ಬೆಳಿಗ್ಗೆ, ದಾಕ್ಷಾಯಿಣಿಯ ಅತ್ತೆ ಸಾತವ್ವ ಬಂದು ಲ್ಯಾಬಿನ ಮೆಟ್ಟಿಲ ಮೇಲೆ ಕುಳಿತಳು. ಉಳಿದ ಅಂಗವನ್ನು ಹಳದಿ ಚೀಲಕ್ಕೆ ಹಾಕಿ, ಗಾಡಿ ಬಂದು ಒಯ್ದು ಸುಡುತ್ತಾರೆ ಎಂದು ನರ್ಸಿಂಗ್ ಹೋಮಿನಲ್ಲಿ ಯಾರೋ ಅವಳಿಗೆ ಹೇಳಿದ್ದರು. ‘ಲಿಂಗಾ ಕಟ್ಟಿದ ಮೈ ಅದು. ನಮ್ಮಲ್ಲಿ ಮಣ್ಣಿಗೆ ಕೊಡೂದು, ಬೆಂಕಿಗಲ್ಲ. ನನ್ನ ಸೊಸಿ ಅರ್ಧಾ ಮಣ್ಣಾಗ, ಅರ್ಧಾ ಬೂದ್ಯಾಗ ಹೋಗಬೇಕೇನು?’ ಎಂದಳಂತೆ. ಮಧ್ಯಾಹ್ನದವರೆಗೂ ನೀರು ಮುಟ್ಟಲಿಲ್ಲವಂತೆ.

‘ಬಕೀಟು ಮುಟ್ಟಬ್ಯಾಡ ಅಂದಿದ್ದೆ ನಾ. ನನಗೇನಂದಿ?’

‘ಹೂಂ ಅಂದಿದ್ದೇನ್ರಿ.’

‘ಅಕಿಗೇನಂದಿ?’

‘ಅಕಿಗೂ ಹೂಂ ಅಂದೇನ್ರಿ.’

‘ಖರೆ ಹೇಳು, ನಿನ್ನ ಜನ್ಮದಾಗ ಯಾರಿಗರೆ ಇಲ್ಲ ಅಂದೀಯೇನು?’

ಅವನು ನಿಜವಾಗಿಯೂ ಯೋಚಿಸಿದ. ‘ನೆನಪಿಲ್ರಿ’ ಎಂದ.

ನಾನು ಏನೇನು ಅಂದೆ ಎಂಬುದನ್ನು ಇಲ್ಲಿ ಬರೆಯುವುದಿಲ್ಲ. ಸ್ವಪ್ನಿಲ್ ಕೂಡ ಬಾಗಿಲಿನಿಂದ ಸರಿದು ಹೋದ. ಕೊನೆಗೆ ನಾನು ಉಸಿರು ತೆಗೆದುಕೊಳ್ಳಲು ನಿಂತಾಗ ಸಿದ್ರಾಯ ಹೇಳಿದ: ‘ಕೆಟ್ಟಿರಾಂಗಿಲ್ರಿ. ಐದು ಲೀಟರ್ ಡಬ್ಬಿಗಿ ಹಾಕಿ, ಕಂಠಮಟಾ ಫಾರ್ಮಲಿನ್ ತುಂಬಿ, ಮುಚ್ಚಳಕ್ಕ ಸುತ್ತೂ ಮ್ಯಾಣ ಹೊಯ್ದು ಕೊಟ್ಟೇನ್ರಿ. ತಗೀಬ್ಯಾಡ್ರಿ, ಹಿಂಗ ಇಡ್ರಿ ಅಂದೇನ್ರಿ.’

ಸ್ಲೈಡಿಗೆಂದು ತರಿಸಿದ ಮೇಣವನ್ನು ಅವನು ಅದಕ್ಕೆ ಸುರಿದಿದ್ದ. ನನಗೆ ಸಮಾಧಾನವಾಗಲಿಲ್ಲ. ತಪ್ಪನ್ನು ಅಚ್ಚುಕಟ್ಟಾಗಿ ಮಾಡಿದರೆ ತಪ್ಪು ಸಣ್ಣದಾಗುವುದಿಲ್ಲ. ಅದೂ ಅಲ್ಲದೆ ಮುಚ್ಚಳ ಬಿಚ್ಚದೆ ಹೂಳುತ್ತಾರೆಂದು ಯಾರು ನಂಬಬೇಕು?

ಮರುದಿನ ಬುಧವಾರ ನಾವಿಬ್ಬರೂ ಮೂಡಲಗಿ ಬಸ್ ಹತ್ತಿದೆವು. ಲ್ಯಾಬಿನ ಕಾರು ‘ಸರ್ವಿಸಿಂಗಿಗೆ’ ಹೋಗಿತ್ತು. ಹಿಂದಿನ ದಿನ ಮಳೆಯಾಗಿದ್ದರಿಂದ ನಾಗನೂರಿನ ಎರಿಮಣ್ಣು ಚಪ್ಪಲಿಗೆ ಅಂಟಿ ಎರಡು ಸೇರು ಭಾರವಾಯಿತು. ಹೊಲದ ಮನೆ. ಸಾತವ್ವ ಅಂಗಳದಲ್ಲಿ ಮೆಕ್ಕೆಜೋಳ ಸುಲಿಯುತ್ತಿದ್ದಳು. ಹಣೆಯ ಮೇಲೆ ಮೂರು ಬೆರಳಿನ ವಿಭೂತಿ, ಗಂಟಲು ಮಾತ್ರ ಸಂತೆಗೆ ಕೇಳಿಸುವಂಥದ್ದು. ಬಂದ ಕಾರಣ ಹೇಳಿದೆ.

‘ಹುಗದದ್ದು ತಗ್ಯಾಕ ಬರೂದಿಲ್ಲ’ ಎಂದಳು. ಸುಲಿಯುವುದನ್ನು ನಿಲ್ಲಿಸಲಿಲ್ಲ. ‘ಅಯ್ಯನವರ್ನ ಕರಸಿ, ಪತ್ರಿ ಹಾಕಿ ಮಣ್ಣ ಕೊಟ್ಟೇವಿ. ಡಾಕ್ಟರ್ ಆರಾಮಾತು ಅಂದಾರ. ಮತ್ತ ನಿಮಗ್ಯಾಕ ಅದು?’

ಸಿದ್ರಾಯ ಮೆಲ್ಲಗೆ, ‘ಆಯಿ, ಬಾಯಾರು ಒಂದಿಷ್ಟು ನೋಡೂದೈತಂತ’ ಎಂದ.

‘ನೀನ ಹುಗೀರಿ ಅಂದಿ, ನೀನ ತಗೀರಿ ಅಂತಿ. ಎಷ್ಟು ಬಾಯಿ ಅದಾವೋ ನಿನಗ?’

‘ನೋಡೂದು ಬಾಕಿ ಐತಿ, ಬೇಕಾದ್ರ ಬರತೇವಿ ಅಂತ ಅವತ್ತ ಹೇಳಿದ್ನೆಲ್ಲಾ ಆಯಿ.’

‘ಹೇಳಿದ್ದಿ. ಬರೂದಿಲ್ಲಂತ ತಿಳಕೊಂಡಿದ್ದೆ. ಹೇಳಿದವರೆಲ್ಲಾ ಎಲ್ಲಿ ಬರ್ತಾರ?’

ಇದು ನನಗೆ ಹೊಸ ಸುದ್ದಿ. ಹೋದ ಬುಧವಾರವೇ ಅವನು ಹೀಗೊಂದು ಕರಾರು ಹಾಕಿದ್ದನ್ನು ನಾನು ಬೈಯುವಾಗ ಹೇಳಿರಲಿಲ್ಲ. ಯಾಕೆ ಹೇಳಲಿಲ್ಲವೋ. ಬೈಗುಳಕ್ಕೂ ಹೂಂ ಎಂದುಕೊಂಡು ನಿಂತಿದ್ದನೇನೋ.

ಅಷ್ಟರಲ್ಲಿ ಬಾಗಿಲಲ್ಲಿ ದಾಕ್ಷಾಯಿಣಿ ಕಾಣಿಸಿದಳು. ಹೊಟ್ಟೆಯ ಮೇಲೆ ಒಂದು ಕೈ, ಚೌಕಟ್ಟಿನ ಮೇಲೆ ಒಂದು ಕೈ. ‘ಏನ ಹುಡುಕಾಕ ಬಂದೀರಿ ಬಾಯಾರ?’ ಎಂದು ಕೇಳಿದಳು.

ಸಾತವ್ವ ತಟ್ಟನೆ ಎದ್ದು ನನ್ನ ಮೊಣಕೈ ಹಿಡಿದಳು. ‘ಆಕಿ ಮುಂದ ಬ್ಯಾಡ್ರಿ. ಆಕಿಗೆ ಬರೇ ಗಂಟು ಅಂತ ಹೇಳೇವಿ.’

ಊರಿಗೆಲ್ಲ ಗೊತ್ತು, ಅಯ್ಯನವರಿಗೆ ಗೊತ್ತು, ಕರುಳಿನ ಯಜಮಾನಿಗೆ ಮಾತ್ರ ಗೊತ್ತಿಲ್ಲ. ಪ್ರೀತಿಯ ಹೆಸರಿನಲ್ಲಿ ನಡೆಯುವ ಈ ಅನ್ಯಾಯವನ್ನು ನಾನು ಬದುಕಿನುದ್ದಕ್ಕೂ ಕಂಡಿದ್ದೇನೆ. ಒಮ್ಮೆಯೂ ಕ್ಷಮಿಸಿಲ್ಲ. ಹೇಳಲು ಬಾಯಿ ತೆರೆದೆ. ಅದಕ್ಕೂ ಮೊದಲು ದಾಕ್ಷಾಯಿಣಿಯೇ ಹೇಳಿದಳು.

‘ಕ್ಯಾನ್ಸರ್ ಅಂತ ನನಗ ಗೊತ್ತೈತ್ರಿ. ಸಿಸ್ಟರ್ ಫೈಲ್ ನನ್ನ ಕಾಟಿನ ಮ್ಯಾಲ ಇಟ್ಟು ಚಾ ಕುಡ್ಯಾಕ ಹೋಗಿದ್ರು. ನನಗ ಓದಾಕ ಬರತೈತಿ. ಅತ್ತಿ ಎದಿ ಒಡಕೊಂಡಾರಂತ ಸುಮ್ಮನಿದ್ದೆ.’

ಸಾತವ್ವ ನನ್ನ ಕೈ ಬಿಟ್ಟಳು.

ನಾನು ನೇರವಾಗಿ ಹೇಳಿದೆ. ಅಂಚಿನಲ್ಲಿ ಏನು ಕಂಡೆ, ಯಾಕೆ ಐದು ಸಾಲದು, ಸಿಕ್ಕರೆ ಏನು, ಸಿಗದಿದ್ದರೆ ಏನು. ಅವಳು ಮಕ್ಕಳಿಗೆ ಪಾಠ ಮಾಡುವವಳು. ಎರಡು ಪ್ರಶ್ನೆ ಕೇಳಿದಳು, ಎರಡೂ ಸರಿಯಾದ ಪ್ರಶ್ನೆಗಳು. ಆಮೇಲೆ ಅತ್ತೆಯ ಕಡೆ ತಿರುಗಿದಳು.

‘ಅತ್ತಿ, ಅದು ನನ್ನ ಕರಳು. ನಾ ಹೇಳತೇನಿ, ತಗಸ್ರಿ.’

ಸಾತವ್ವ ಸೀರೆಗೆ ಹತ್ತಿದ ಜೋಳದ ಸಿಪ್ಪೆ ಕೊಡವಿದಳು. ‘ಮತ್ತ ಕೊಡಬೇಕು’ ಎಂದಳು. ನನಗಲ್ಲ, ಸಿದ್ರಾಯನಿಗೆ. ‘ನೋಡಿದ ಮ್ಯಾಲ ತಂದ ಕೊಡಬೇಕು. ಸುಡಾಂಗಿಲ್ಲ.’

‘ಹೂಂ ಆಯಿ’ ಎಂದ ಸಿದ್ರಾಯ. ನಾನು ಹಲ್ಲು ಕಚ್ಚಿದೆ.

ಮನೆತನದ ಸಮಾಧಿ ಗದ್ದುಗೆಗಳ ಪಕ್ಕ, ಒಂದು ಚಪ್ಪಡಿ ಕಲ್ಲಿನ ಕೆಳಗೆ, ಮೊಳದಾಳದಲ್ಲಿ ಡಬ್ಬಿ ಇತ್ತು. ಸಿದ್ರಾಯ ಸಲಿಕೆ ಬದಿಗಿಟ್ಟು ಕೈಯಿಂದ ಮಣ್ಣು ಬಿಡಿಸಿದ. ಮೇಣ ಎಲ್ಲಿಯೂ ಬಿರುಕು ಬಿಟ್ಟಿರಲಿಲ್ಲ. ಮುಚ್ಚಳದ ಕಂಠಕ್ಕೆ ದಾರದಿಂದ ಕಟ್ಟಿದ ಚೀಟಿಯಲ್ಲಿ ಪೆನ್ಸಿಲಿನಿಂದ ಲ್ಯಾಬಿನ ನಂಬರು, ಹೆಸರು, ತಾರೀಖು. ಶಾಯಿಯಲ್ಲಿ ಬರೆದಿದ್ದರೆ ಅಳಿಸಿಹೋಗುತ್ತಿತ್ತು. ಬಸ್ಸಿನಲ್ಲಿ ಅವನು ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತ. ಪಕ್ಕದವನು ‘ತುಪ್ಪೇನ್ರಿ?’ ಎಂದು ಕೇಳಿದ. ಅದಕ್ಕೂ ಇವನು ಹೂಂ ಎಂದು ತಲೆಯಾಡಿಸಿದ.

ಕೊಬ್ಬಿನಲ್ಲಿ ಇನ್ನೂ ಹದಿನಾಲ್ಕು ಗ್ರಂಥಿಗಳು ಸಿಕ್ಕವು. ಸಿದ್ರಾಯ ಎರಡು ದಿನ ಮನೆಗೆ ಊಟಕ್ಕೂ ಹೋಗದೆ ಕೊಯ್ದು ಬಣ್ಣ ಹಾಕಿ ಕೊಟ್ಟ. ಅದಕ್ಕಾಗಿ ನಾನು ಶನಿವಾರ ಲ್ಯಾಬಿಗೆ ಹೋದೆ. ಹದಿನಾಲ್ಕರಲ್ಲಿ ಎರಡರೊಳಗೆ ಗಡ್ಡೆಯ ಕಣಗಳು ಗೂಡು ಕಟ್ಟಿದ್ದವು. ಸರ್ಜನ್‌ಗೆ ಫೋನ್ ಮಾಡಿದೆ. ‘ಓ’ ಎಂದರು. ಬೆಳಗಾವಿಯ ಕ್ಯಾನ್ಸರ್ ಆಸ್ಪತ್ರೆಗೆ ಚೀಟಿ ಬರೆದುಕೊಟ್ಟರು. ನೀವು ಹೇಳಿದ್ದು ಸರಿ ಎಂಬ ಮಾತು ಅವರಿಂದ ಬರಲಿಲ್ಲ, ನಾನು ಕಾಯಲೂ ಇಲ್ಲ. ದಾಕ್ಷಾಯಿಣಿಗೆ ಐದನೆಯ ವಾರಕ್ಕೆ ಕಿಮೋ ಶುರುವಾಯಿತು, ಆರು ತಿಂಗಳಿಗೆ ಮುಗಿಯಿತು. ಗುಣವಾಗಿದೆಯೇ ಎಂದು ಕೇಳುವವರಿಗೆ ಹೇಳುತ್ತೇನೆ: ಅಂಚು ಅಪಾಯವನ್ನು ಹೇಳುತ್ತದೆ, ಭವಿಷ್ಯವನ್ನಲ್ಲ. ಅವಳು ಅಂಗನವಾಡಿಗೆ ಹೋಗುತ್ತಿದ್ದಾಳೆ, ಮೂರು ತಿಂಗಳಿಗೊಮ್ಮೆ ತಪಾಸಣೆಗೆ ಬರುತ್ತಿದ್ದಾಳೆ. ನನಗೆ ಗೊತ್ತಿರುವುದು ಇಷ್ಟು.

ಆ ಶನಿವಾರದ್ದು ಒಂದು ಸಂಗತಿ ಬಾಕಿ ಇದೆ.

ವರದಿಯನ್ನು ನಾನು ಹೇಳುತ್ತೇನೆ, ಸಿದ್ರಾಯ ಟೈಪ್ ಮಾಡುತ್ತಾನೆ. ಬೆಳಿಗ್ಗೆಯೇ ಸ್ವಪ್ನಿಲ್ ಬಂದು ನನ್ನೆದುರೇ ಅವನಿಗೆ ಹೇಳಿ ಹೋಗಿದ್ದ: ‘ಈ ಹುಗಿಯೂ ಕಥಿ ರಿಪೋರ್ಟಿನ್ಯಾಗ ಬರಬಾರದು. ಬಂದ್ರ ಲ್ಯಾಬಿನ ಮಾನ ಹೋಗತೈತಿ, ಆಮ್ಯಾಲ ಮೊದಲ ಮನಿಗೆ ಹೋಗಾಂವ ನೀನ.’ ಸಿದ್ರಾಯ ‘ಹೂಂ ರಿ’ ಎಂದಿದ್ದ. ನಾನೂ ಆ ಕಥೆಯನ್ನು ಹೇಳಿ ಬರೆಸಲಿಲ್ಲ. ‘ಉಳಿದ ಅಂಗಾಂಶದಿಂದ ಹೆಚ್ಚುವರಿ ಹದಿನಾಲ್ಕು ಗ್ರಂಥಿಗಳು’ ಎಂದಷ್ಟೇ ಹೇಳಿದೆ. ಸುಳ್ಳಲ್ಲ. ಸ್ವಪ್ನಿಲ್‌ಗಾಗಿ ಹಾಗೆ ಮಾಡಲಿಲ್ಲ. ಇಂಥ ಕೈಯುಳ್ಳ ಇನ್ನೊಬ್ಬ ಈ ಮೂರು ತಾಲೂಕುಗಳಲ್ಲಿ ನನಗೆ ಸಿಗುವುದಿಲ್ಲ.

ಹತ್ತು ನಿಮಿಷಕ್ಕೆ ಕಾಗದ ಬಂತು. ಮೊಗ್ಗಿನ ಲೆಕ್ಕ ಇತ್ತು, ಹನ್ನೆರಡನೆಯ ಖಾನೆ ಹೊಸದಾಗಿ ಎಳೆದಿದ್ದ. ಅದರ ಕೆಳಗೆ ನಾನು ಹೇಳದ ಒಂದು ಸಾಲು: ‘ಉಳಿದ ಅಂಗವನ್ನು ಟೆಕ್ನಿಷಿಯನ್ ಸಿದ್ರಾಯ ವೈದ್ಯರ ಅಪ್ಪಣೆಯಿಲ್ಲದೆ ಮನೆಯವರಿಗೆ ಕೊಟ್ಟಿದ್ದರಿಂದ ಅದು ಏಳು ದಿನ ಮುಚ್ಚಿದ ಡಬ್ಬಿಯಲ್ಲಿ ಮಣ್ಣಿನೊಳಗಿತ್ತು.’

‘ಇದು ನಾ ಹೇಳಿಲ್ಲ.’

‘ನೀವು ಹೇಳಿಲ್ರಿ.’

‘ಸ್ವಪ್ನಿಲ್‌ಗೆ ಮುಂಜಾನೆ ಹೂಂ ಅಂದಿ.’

‘ಅಂದೇನ್ರಿ.’

‘ಮತ್ತ ತಗದ ಹಾಕು. ಇದನ್ನ ಬಿಟ್ಟರ ರಿಪೋರ್ಟಿಗೇನೂ ಕಡಿಮಿ ಆಗೂದಿಲ್ಲ.’

ಅವನು ಕೈಯೊರೆಸುವ ಬಟ್ಟೆಯನ್ನು ಹುಡುಕಿದ. ಸಿಗಲಿಲ್ಲ.

‘ಇಲ್ರಿ ಬಾಯಾರ’ ಎಂದ.

ನಾನು ತಲೆ ಎತ್ತಿದೆ. ಅವನು ನೆಲ ನೋಡುತ್ತಿರಲಿಲ್ಲ.

‘ಬೆಳಗಾವ್ಯಾಗ ಈ ಸ್ಲೈಡ್ ಮತ್ತ ನೋಡ್ತಾರ್ರಿ. ಎಲ್ಲ್ಯರ ಬಣ್ಣ ಸರಿ ಹಿಡದಿಲ್ಲಂದ್ರ ಯಾಕ ಅಂತ ಅವರಿಗೆ ತಿಳೀಬೇಕ್ರಿ. ಇದನ್ನ ಕಲಿಸಿದವ್ರು ನೀವ ಅಲ್ಲೇನ್ರಿ.’

ಮೇಜಿನ ಮೇಲಿದ್ದ ಪೆನ್ನಿನ ಟೊಪ್ಪಿಗೆ ತೆಗೆದು ನನ್ನ ಕೈಯ ಹತ್ತಿರ ಇಟ್ಟ. ಆಮೇಲೆ ಮೂಲೆಗೆ ಹೋಗಿ, ಸಾತವ್ವನಿಗೆ ಮರಳಿಸಬೇಕಾದ ಡಬ್ಬಿಯ ಪಕ್ಕ ಸಣ್ಣ ಒಲೆ ಹಚ್ಚಿ, ಮೇಣ ಕಾಯಲಿಟ್ಟ. ನಾನು ಬೇಡ ಎನ್ನಲಿಲ್ಲ. ಆ ಸಾಲನ್ನು ಇನ್ನೊಮ್ಮೆ ಓದಿ ಸಹಿ ಮಾಡಿದೆ.